ಎಷ್ಟು ಪರಮಾಣು ಸೇರಿದರೆ ಚಿನ್ನ ಲೋಹ? ಅದನ್ನು ಹಿಂಡಿದರೆ, ಎಳೆದರೆ ಏನಾಗುತ್ತೆ?

ಚಿನ್ನದ ಒಂದೇ ಒಂದು ಪರಮಾಣು ಲೋಹವಲ್ಲ. ಉಂಗುರದಲ್ಲಿರುವ ಚಿನ್ನ ಲೋಹ. ಹಾಗಾದರೆ ಒಂದೊಂದೇ ಪರಮಾಣು ಸೇರಿಸುತ್ತಾ ಹೋದರೆ ಎಷ್ಟನೆಯದಕ್ಕೆ ಅದು ಲೋಹವಾಗುತ್ತದೆ? ಸುಮ್ನೆ ತಲೆಹರಟೆ ಪ್ರಶ್ನೆ ಅನ್ನಿಸಬಹುದು. ಆದರೆ ಇದಕ್ಕೆ ಪ್ರಯೋಗದಿಂದಲೇ ಬಂದ ಉತ್ತರ ಇದೆ. 246 ಪರಮಾಣುಗಳ ಒಂದು ಗೊಂಚಲು ಇನ್ನೂ ಲೋಹವಾಗಿಲ್ಲ. 279 ಪರಮಾಣುಗಳ ಗೊಂಚಲು ಆಗಿದೆ. ಎರಡರ ವ್ಯಾಸವೂ ಸುಮಾರು 2 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಇದನ್ನು ಕಂಡುಹಿಡಿದ ರೀತಿಯೂ ಚೆನ್ನಾಗಿದೆ. ಗೊಂಚಲುಗಳ ಮೇಲೆ ಲೇಸರಿನ ಚಿಕ್ಕ ಮಿಂಚು ಬಿಡುತ್ತಾರೆ. ಲೋಹವಾಗಿದ್ದರೆ ಅದರ ಎಲೆಕ್ಟ್ರಾನ್‌ಗಳು ಒಟ್ಟಾಗಿ ಬಿಸಿಯಾಗುತ್ತವೆ. ಮಿಂಚು ಜೋರಾದಷ್ಟೂ ಬಿಸಿ ಜಾಸ್ತಿ, ಆರಲು ಹೊತ್ತೂ ಜಾಸ್ತಿ. ಲೋಹವಲ್ಲದಿದ್ದರೆ ಒಂದೊಂದು ಎಲೆಕ್ಟ್ರಾನ್ ಒಂದು ಮಟ್ಟದಿಂದ ಇನ್ನೊಂದಕ್ಕೆ ನೆಗೆದು ವಾಪಸ್ ಬೀಳುತ್ತದೆ, ಅಷ್ಟೇ. ಮಿಂಚು ಎಷ್ಟೇ ಜೋರಾಗಿರಲಿ, ಬೀಳಲು ಹಿಡಿಯುವ ಹೊತ್ತು ಬದಲಾಗುವುದಿಲ್ಲ. 246ರ ಗೊಂಚಲು ಎರಡನೆಯ ಥರ ನಡೆದುಕೊಂಡಿತು, 279ರದು ಮೊದಲನೆಯ ಥರ.

ಮೊದಲು ಲೋಹ ಅಂದರೆ ಏನು ಅನ್ನೋದನ್ನು ಸರಿ ಮಾಡಿಕೊಳ್ಳೋಣ. ಹೊಳಪು, ಗಟ್ಟಿತನ ಎಲ್ಲ ಆಮೇಲಿನ ಮಾತು. ಎಲೆಕ್ಟ್ರಾನ್‌ಗಳ ಕಡೆಯಿಂದ ನೋಡಿದರೆ ಲೋಹದ ಗುರುತು ಒಂದೇ: ತುಂಬಿದ ಮಟ್ಟಗಳಲ್ಲಿ ಎಲ್ಲಕ್ಕಿಂತ ಮೇಲಿರುವ ಎಲೆಕ್ಟ್ರಾನ್ ಕದಲಲು ತೀರಾ ಕಡಿಮೆ ಶಕ್ತಿ ಸಾಕು. ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳು ಗೊತ್ತಾದ ಶಕ್ತಿ ಮಟ್ಟಗಳಲ್ಲಿ ಮಾತ್ರ ಇರಬಹುದು. ಎರಡು ಪರಮಾಣು ಹತ್ತಿರ ಬಂದರೆ ಒಂದು ಮಟ್ಟ ಒಡೆದು ಎರಡಾಗುತ್ತದೆ. ನೂರು ಬಂದರೆ ನೂರಾಗುತ್ತದೆ. ಆದರೆ ಕೆಳಗಿನ ಮಟ್ಟಕ್ಕೂ ಮೇಲಿನ ಮಟ್ಟಕ್ಕೂ ಇರುವ ಒಟ್ಟು ಅಂತರ ಆಮೇಲೆ ಹೆಚ್ಚೇನೂ ಬೆಳೆಯುವುದಿಲ್ಲ. ಒಂದೇ ಎತ್ತರದ ಮಹಡಿಗೆ ಹತ್ತು ಮೆಟ್ಟಿಲು ಕಟ್ಟಿದರೆ ಕಾಲು ಎತ್ತಿ ಎತ್ತಿ ಇಡಬೇಕು. ಹತ್ತು ಸಾವಿರ ಕಟ್ಟಿದರೆ ಅದು ಇಳಿಜಾರೇ ಆಗಿಬಿಡುತ್ತದೆ. ಈ ಒತ್ತೊತ್ತಾದ ಮಟ್ಟಗಳ ರಾಶಿಗೆ ಬ್ಯಾಂಡ್ ಅನ್ನುತ್ತಾರೆ. ಎಲೆಕ್ಟ್ರಾನ್‌ಗಳು ಅದರಲ್ಲಿ ಎಲ್ಲಿಯವರೆಗೆ ತುಂಬಿವೆಯೋ ಅದು ಫರ್ಮಿ ಮಟ್ಟ.

1962ರಲ್ಲಿ ಜಪಾನಿನ ರ್ಯೋಗೊ ಕುಬೊ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಫರ್ಮಿ ಶಕ್ತಿಯನ್ನು, ಅಂದರೆ ಬ್ಯಾಂಡಿನ ತಳದಿಂದ ಫರ್ಮಿ ಮಟ್ಟದವರೆಗಿನ ಎತ್ತರವನ್ನು, ನಾಲ್ಕರಿಂದ ಗುಣಿಸಿ, ಓಡಾಡುವ ಎಲೆಕ್ಟ್ರಾನ್‌ಗಳ ಸಂಖ್ಯೆಯ ಮೂರರಷ್ಟರಿಂದ ಭಾಗಿಸಿದರೆ, ಅಕ್ಕಪಕ್ಕದ ಎರಡು ಮಟ್ಟಗಳ ಸರಾಸರಿ ಅಂತರ ಸಿಗುತ್ತದೆ. ಚಿನ್ನದ ಫರ್ಮಿ ಶಕ್ತಿ ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್ (ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವ ಪುಟ್ಟ ಮಾನ ಇದು). ಕೋಣೆಯ ಬಿಸಿ ಒಂದು ಎಲೆಕ್ಟ್ರಾನ್‌ಗೆ ಕೊಡಬಲ್ಲ ಶಕ್ತಿ ಸುಮಾರು 0.025 ಎಲೆಕ್ಟ್ರಾನ್ ವೋಲ್ಟ್. ಮಟ್ಟಗಳ ಅಂತರ ಇದಕ್ಕಿಂತ ಚಿಕ್ಕದಾದರೆ ಎಲೆಕ್ಟ್ರಾನ್ ತಾನಾಗೇ ಮೇಲಿನ ಮಟ್ಟಕ್ಕೆ ಹೋಗಿ ಬಂದು ಮಾಡುತ್ತದೆ, ಅಂದರೆ ಲೋಹ. ಪರಮಾಣುವಿಗೆ ಒಂದು ಎಲೆಕ್ಟ್ರಾನ್ ಅಂತ ಹಿಡಿದು ಲೆಕ್ಕ ಹಾಕಿ ನೋಡಿ: ಹೆಚ್ಚುಕಡಿಮೆ 300 ಪರಮಾಣು ಬರುತ್ತದೆ.

ಅರ್ಧ ಶತಮಾನದ ಹಿಂದಿನ ಒಂದು ಗೀಟಿನ ಲೆಕ್ಕ ಪ್ರಯೋಗಕ್ಕೆ ಇಷ್ಟು ಹತ್ತಿರ ಬಂದದ್ದು ನೋಡಿದರೆ ಖುಷಿಯಾಗುತ್ತದೆ, ಅಲ್ವಾ? ಆದರೆ ಅದರಲ್ಲಿ ಅದೃಷ್ಟವೂ ಇದೆ. ಈ ಗೊಂಚಲುಗಳು ಒಂದಕ್ಕೊಂದು ಅಂಟಿಕೊಳ್ಳದಿರಲಿ ಅಂತ ಅವುಗಳ ಮೈಮೇಲೆ ಗಂಧಕವಿರುವ ಅಣುಗಳನ್ನು ಹೊದಿಸಿರುತ್ತಾರೆ. 246ರ ಗೊಂಚಲಿಗೆ ಇಂಥ 80 ಅಣುಗಳಿವೆ, 279ರದಕ್ಕೆ 84. ಒಂದೊಂದು ಗಂಧಕವೂ ಒಂದೊಂದು ಎಲೆಕ್ಟ್ರಾನ್ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ನಿಜಕ್ಕೂ ಓಡಾಡುವ ಎಲೆಕ್ಟ್ರಾನ್‌ಗಳು 166 ಮತ್ತು 195 ಮಾತ್ರ. ಕುಬೊ ಲೆಕ್ಕವನ್ನು ದಿಕ್ಕು ತೋರಿಸುವ ಕೈಮರ ಅಂತಷ್ಟೇ ನೋಡುವುದು ಒಳ್ಳೆಯದು.

ಅದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ಕಣವನ್ನು 1 ಕೆಲ್ವಿನ್‌ಗೆ, ಅಂದರೆ ಶೂನ್ಯಕ್ಕಿಂತ 272 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣ್ಣಗೆ ಮಾಡಿದರೆ ಎಲೆಕ್ಟ್ರಾನ್‌ಗೆ ಸಿಗುವ ಬಿಸಿ ತೀರಾ ಕಡಿಮೆ. ಆಗ ಸುಮಾರು 14 ನ್ಯಾನೋಮೀಟರ್ ವ್ಯಾಸದ, 85 ಸಾವಿರ ಪರಮಾಣುಗಳ ಕಣ ಕೂಡ ಲೋಹವಾಗದೇ ಉಳಿಯುತ್ತದೆ. ಅಂದರೆ ಒಂದು ಕಣ ಲೋಹ ಹೌದೋ ಅಲ್ಲವೋ ಅನ್ನೋದು ಎಷ್ಟು ಚಳಿಯಲ್ಲಿ ಕೇಳುತ್ತೀರಿ ಅನ್ನುವುದರ ಮೇಲೂ ನಿಂತಿದೆ.

ಸರಾಸರಿ ಅಂತರ ಅಂದೆ. ನಿಜವಾದ ಕಣದಲ್ಲಿ ಮಟ್ಟಗಳು ಸಮ ಅಂತರದಲ್ಲಿ ಇರುವುದಿಲ್ಲ. ಕಣ ದುಂಡಗಿದ್ದರೆ ಅವು ಗುಂಪು ಗುಂಪಾಗಿ ಸೇರುತ್ತವೆ, ಗುಂಪುಗಳ ನಡುವೆ ದೊಡ್ಡ ಖಾಲಿ ಜಾಗ ಬಿಡುತ್ತವೆ. 1984ರಲ್ಲಿ ಬರ್ಕ್ಲಿಯಲ್ಲಿ ವಾಲ್ಟರ್ ನೈಟ್ ಮತ್ತು ಸಂಗಡಿಗರು ಸೋಡಿಯಂ ಆವಿಯಿಂದ ಪುಟ್ಟ ಗೊಂಚಲುಗಳನ್ನು ಮಾಡಿ ಎಣಿಸಿದಾಗ 8, 20, 40, 58 ಪರಮಾಣುಗಳವು ಮಿಕ್ಕವಕ್ಕಿಂತ ಎದ್ದು ಕಂಡವು. ಒಂದು ಗುಂಪು ಪೂರ್ತಿ ತುಂಬಿದ ಗೊಂಚಲು ಗಟ್ಟಿ, ಅದಕ್ಕೇ. ಚಿನ್ನದಲ್ಲೂ ಇದೇ ಸಂಖ್ಯೆಗಳು ಬರುತ್ತವೆ. 25 ಚಿನ್ನ, 18 ಗಂಧಕದ ಅಣು, ಒಂದು ಋಣ ವಿದ್ಯುದಂಶ ಇರುವ ಗೊಂಚಲು ತುಂಬಾ ಹೆಸರುವಾಸಿ. 25ರಲ್ಲಿ 18 ಕಳೆದು 1 ಕೂಡಿಸಿ: ಓಡಾಡುವ ಎಲೆಕ್ಟ್ರಾನ್‌ಗಳು 8. ಅದರ ತುಂಬಿದ ಮಟ್ಟಕ್ಕೂ ಖಾಲಿ ಮಟ್ಟಕ್ಕೂ ನಡುವೆ ಸುಮಾರು 1.3 ಎಲೆಕ್ಟ್ರಾನ್ ವೋಲ್ಟ್ ಅಂತರ. ಸಿಲಿಕಾನ್‌ಗೆ ಇರುವುದು 1.1. ಅಂದರೆ ಈ ಚಿನ್ನ ಸೆಮಿಕಂಡಕ್ಟರ್ ಥರ!

ನಮ್ಮ ಬೆಂಗಳೂರಿನಲ್ಲೂ ಈ ವಿಷಯದಲ್ಲಿ ಗಟ್ಟಿ ಕೆಲಸ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1990ರ ದಶಕದಲ್ಲಿ ಪಲ್ಲಾಡಿಯಂ, ಬೆಳ್ಳಿ, ಚಿನ್ನದ ಪುಟ್ಟ ಗೊಂಚಲುಗಳನ್ನು ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್‌ನಿಂದ ಒಂದೊಂದಾಗಿ ನೋಡಿತು. ಈ ಯಂತ್ರದ ಚೂಪು ಸೂಜಿ ಕಣವನ್ನು ಮುಟ್ಟುವುದಿಲ್ಲ, ಸ್ವಲ್ಪ ಮೇಲೆ ನಿಲ್ಲುತ್ತದೆ. ವೋಲ್ಟೇಜ್ ಏರಿಸುತ್ತಾ ಎಷ್ಟು ಕರೆಂಟ್ ಹರಿಯುತ್ತದೆ ಅಂತ ಅಳೆಯುತ್ತಾರೆ. ದೊಡ್ಡ ಕಣದಲ್ಲಿ ಸೊನ್ನೆ ವೋಲ್ಟೇಜ್ ದಾಟಿದ ಕೂಡಲೇ ಕರೆಂಟ್ ಶುರು. ತೀರಾ ಚಿಕ್ಕ ಕಣದಲ್ಲಿ ಸ್ವಲ್ಪ ದೂರ ಏನೂ ಇಲ್ಲ, ಆಮೇಲೆ ಶುರು. ಆ ಏನೂ ಇಲ್ಲದ ಜಾಗವೇ ಮಟ್ಟಗಳ ನಡುವಿನ ಅಂತರ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡುತ್ತೇನೆ. ನ್ಯಾನೋ ಚಿನ್ನದ ಬಗ್ಗೆ ಯಾವ ಲೇಖನ ತೆಗೆದರೂ ಕೆಂಪು ಬಣ್ಣದ ದ್ರವದ ಫೋಟೋ ಇರುತ್ತದೆ, ಜೊತೆಗೆ ಕ್ವಾಂಟಂ ಪರಿಣಾಮ ಅನ್ನೋ ಮಾತು. ಮೈಕೆಲ್ ಫ್ಯಾರಡೆ 1857ರಲ್ಲಿ ಮಾಡಿದ ಆ ಕೆಂಪು ದ್ರವದ ಚಿನ್ನ ಪಕ್ಕಾ ಲೋಹವೇ. ಹತ್ತಿಪ್ಪತ್ತು ನ್ಯಾನೋಮೀಟರಿನ ಕಣದಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳೆಲ್ಲ ಬೆಳಕಿಗೆ ಒಟ್ಟಿಗೆ ತೂಗಾಡಿ ಹಸಿರು ಬೆಳಕನ್ನು ನುಂಗುತ್ತವೆ, ಕೆಂಪು ಉಳಿಯುತ್ತದೆ. ಇದಕ್ಕೆ ಪ್ಲಾಸ್ಮಾನ್ ಅಂತ ಹೆಸರು. 1908ರಲ್ಲೇ ಗುಸ್ತಾವ್ ಮೀ ಇದನ್ನು ಕ್ವಾಂಟಂ ಸಿದ್ಧಾಂತದ ಹಂಗಿಲ್ಲದೆ ವಿವರಿಸಿದರು. 25 ಪರಮಾಣುಗಳ ಗೊಂಚಲಿನಲ್ಲಿ ಈ ಪ್ಲಾಸ್ಮಾನ್ ಇರುವುದೇ ಇಲ್ಲ.

ಕರೆಯದೇ ಬರುವ ಸ್ಟ್ರೇನ್

ಇಷ್ಟು ಹೊತ್ತು ಬರೀ ಗಾತ್ರದ ಮಾತಾಯಿತು. ಗಾತ್ರದ ಕಥೆಗೆ ಪ್ರಚಾರ ಜಾಸ್ತಿ. ಸ್ಟ್ರೇನ್ ಕಥೆಗೆ ಅಷ್ಟಿಲ್ಲ, ಆದರೆ ನನ್ನ ಪ್ರಕಾರ ಕೆಲಸಕ್ಕೆ ಬರುವುದು ಅದೇ ಹೆಚ್ಚು. ಸ್ಟ್ರೇನ್ ಅಂದರೆ ಪರಮಾಣುಗಳ ನಡುವಿನ ದೂರ ಸಹಜಕ್ಕಿಂತ ಶೇಕಡಾ ಎಷ್ಟು ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ ಅನ್ನೋ ಅಳತೆ. ಮತ್ತೆ, ಇವೆರಡೂ ಬೇರೆ ಬೇರೆ ಕಥೆಗಳೇನಲ್ಲ. ಲೋಹವನ್ನು ಚಿಕ್ಕದು ಮಾಡಿದರೆ ಸ್ಟ್ರೇನ್ ತಾನಾಗೇ ಬಂದು ಕೂರುತ್ತದೆ.

ಹೇಗೆ ಅಂತ ನೋಡಿ. ಚಿನ್ನದ ಗಟ್ಟಿಯ ಒಳಗಿರುವ ಪರಮಾಣುವಿಗೆ 12 ನೆರೆಯವರು. ನುಣುಪಾದ ಮೇಲ್ಮೈಯಲ್ಲಿ ಇರುವುದಕ್ಕೆ 9. ಅಂಚಿನಲ್ಲಿ 7, ಮೂಲೆಯಲ್ಲಿ 5 ಅಥವಾ 6. 55 ಪರಮಾಣುಗಳ ಕಣದಲ್ಲಿ 42 ಹೊರಗೇ ಇರುತ್ತವೆ. ನೆರೆಯವರು ಕಡಿಮೆಯಾದ ಹೊರಗಿನ ಪರಮಾಣುಗಳು ಉಳಿದವರ ಜೊತೆ ಇನ್ನಷ್ಟು ಬಿಗಿಯಾಗಿ ಬೆಸೆಯಲು ನೋಡುತ್ತವೆ, ಹಾಗಾಗಿ ಇಡೀ ಕಣವನ್ನು ಒಳಕ್ಕೆ ಹಿಂಡುತ್ತವೆ. 4 ನ್ಯಾನೋಮೀಟರ್ ವ್ಯಾಸದ ಚಿನ್ನದ ಕಣದಲ್ಲಿ ಈ ಹಿಂಡಿಕೆ ನಮ್ಮ ಮೇಲಿರುವ ಗಾಳಿಯ ಒತ್ತಡದ ಸುಮಾರು 12 ಸಾವಿರ ಪಟ್ಟು. ಚಿನ್ನ ಗಟ್ಟಿ ಆಸಾಮಿ, ಇಷ್ಟಕ್ಕೂ ಅದರ ಪರಮಾಣುಗಳ ದೂರ ಶೇ. 0.2ರಷ್ಟು ಮಾತ್ರ ಕಡಿಮೆಯಾಗುತ್ತದೆ. ಕಣ ಅರ್ಧದಷ್ಟು ಚಿಕ್ಕದಾದರೆ ಒತ್ತಡ ಎರಡು ಪಟ್ಟು.

ಜ್ಯಾಮಿತಿಯೂ ತೊಂದರೆ ಕೊಡುತ್ತದೆ. ಚಿಕ್ಕ ಚಿನ್ನದ ಕಣಗಳು ಎಷ್ಟೋ ಸಲ ಐದು ಮೂಲೆಯ ಆಕಾರದಲ್ಲಿ ಬೆಳೆಯುತ್ತವೆ. ನಾಲ್ಕು ಮುಖದ ಐದು ತುಂಡುಗಳನ್ನು ಒಂದು ಅಂಚಿನ ಸುತ್ತ ಜೋಡಿಸಿದ ಹಾಗೆ. ಒಂದೊಂದು ತುಂಡಿನ ಕೋನ 70.53 ಡಿಗ್ರಿ. ಐದು ಸೇರಿದರೆ 352.65. ಸುತ್ತು ಪೂರ್ತಿಯಾಗಲು 7.35 ಡಿಗ್ರಿ ಕಡಿಮೆ. ಕಣ ಆ ಸಂದನ್ನು ಹಾಗೇ ಬಿಡುವುದಿಲ್ಲ, ತನ್ನ ಪರಮಾಣುಗಳನ್ನು ಸ್ವಲ್ಪ ಸ್ವಲ್ಪ ಎಳೆದು ಮುಚ್ಚಿಕೊಳ್ಳುತ್ತದೆ. ಹೀಗೆ ಒಂದೇ ಕಣದಲ್ಲಿ ಒಂದು ಕಡೆ ಹಿಂಡಿಕೆ, ಇನ್ನೊಂದು ಕಡೆ ಎಳೆತ.

ಶೇ. 0.2, ಶೇ. 1, ಇವೆಲ್ಲ ಯಾವ ಲೆಕ್ಕ ಅನ್ನಬೇಡಿ. ಪ್ಲಾಟಿನಂ, ಪಲ್ಲಾಡಿಯಂ, ನಿಕಲ್‌ನಂಥ ಲೋಹಗಳಲ್ಲಿ ಎರಡು ಬಗೆಯ ಎಲೆಕ್ಟ್ರಾನ್‌ಗಳು ಮುಖ್ಯ. ಎಸ್ ಎಲೆಕ್ಟ್ರಾನ್‌ಗಳು ಇಡೀ ಲೋಹದಲ್ಲಿ ಓಡಾಡಿಕೊಂಡಿರುತ್ತವೆ. ಡಿ ಎಲೆಕ್ಟ್ರಾನ್‌ಗಳು ತಮ್ಮ ಪರಮಾಣುವಿನ ಹತ್ತಿರವೇ ಇದ್ದು ನೆರೆಯವರ ಜೊತೆ ಸ್ವಲ್ಪ ಮಾತ್ರ ಬೆರೆಯುತ್ತವೆ. ಈ ಬೆರಕೆ ದೂರದ ಐದನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ದೂರ ಶೇ. 1 ಕಡಿಮೆಯಾದರೆ ಬೆರಕೆ ಶೇ. 5 ಜಾಸ್ತಿ. ಬೆರಕೆ ಜಾಸ್ತಿಯಾದಷ್ಟೂ ಡಿ-ಬ್ಯಾಂಡ್ ಅಗಲ.

ಇನ್ನು ಮುಂದಿನ ಹೆಜ್ಜೆ ಸ್ವಲ್ಪ ನಿಧಾನವಾಗಿ ಓದಿ, ಇಡೀ ವಿಷಯದ ಕೀಲಿ ಇಲ್ಲೇ ಇದೆ. ಪ್ಲಾಟಿನಂನ ಡಿ-ಬ್ಯಾಂಡ್ ಅರ್ಧಕ್ಕಿಂತ ಎಷ್ಟೋ ಜಾಸ್ತಿ ತುಂಬಿದೆ. ಬ್ಯಾಂಡ್ ಎರಡೂ ಕಡೆ ಅಗಲವಾಯಿತು ಅಂದುಕೊಳ್ಳಿ. ಅದರ ಮೇಲಿನ ಭಾಗ ಇನ್ನಷ್ಟು ಫರ್ಮಿ ಮಟ್ಟದ ಆಚೆ ಹೋಗುತ್ತದೆ, ಅಲ್ಲಿನ ಎಲೆಕ್ಟ್ರಾನ್‌ಗಳು ಖಾಲಿಯಾಗಬೇಕಾಗುತ್ತದೆ. ಆದರೆ ಒಂದು ಪರಮಾಣುವಿನ ಡಿ ಎಲೆಕ್ಟ್ರಾನ್‌ಗಳ ಲೆಕ್ಕ ಹೆಚ್ಚುಕಡಿಮೆ ಬದಲಾಗುವಂತಿಲ್ಲ. ಲೆಕ್ಕ ಸರಿಹೋಗಲು ಇಡೀ ಬ್ಯಾಂಡೇ ಕೆಳಕ್ಕೆ ಜಾರುತ್ತದೆ. ಹಿಂಡಿದರೆ ಬ್ಯಾಂಡಿನ ನಡು ಕೆಳಕ್ಕೆ. ಎಳೆದರೆ ಬ್ಯಾಂಡ್ ಕಿರಿದಾಗಿ ನಡು ಮೇಲಕ್ಕೆ. ಡಿ-ಬ್ಯಾಂಡ್ ಅರ್ಧಕ್ಕಿಂತ ಕಡಿಮೆ ತುಂಬಿದ ಲೋಹಗಳಲ್ಲಿ ಇದು ತಿರುಗುಮುರುಗು.

ನಡು ಎಲ್ಲಿದ್ದರೆ ಏನಂತೆ? ಮೇಲ್ಮೈಗೆ ಆಮ್ಲಜನಕದ ಪರಮಾಣು ಬಂದು ಕೂತಾಗ ಅದರ ಮಟ್ಟವೂ ಡಿ-ಬ್ಯಾಂಡೂ ಬೆರೆತು ಎರಡು ಹೊಸ ಮಟ್ಟಗಳಾಗುತ್ತವೆ. ಕೆಳಗಿನದು ಬಂಧ ಕಟ್ಟುತ್ತದೆ, ಮೇಲಿನದು ಬಂಧ ಕೆಡಿಸುತ್ತದೆ. ಕೆಡಿಸುವ ಮಟ್ಟ ಫರ್ಮಿ ಮಟ್ಟಕ್ಕಿಂತ ಮೇಲಿದ್ದರೆ ಅದು ಖಾಲಿ, ಕೆಡಿಸಲು ಅಲ್ಲಿ ಎಲೆಕ್ಟ್ರಾನ್‌ಗಳೇ ಇಲ್ಲ. ಬಂಧ ಗಟ್ಟಿ. ಡಿ-ಬ್ಯಾಂಡ್ ಕೆಳಗೆ ಜಾರಿದಾಗ ಅದೂ ಜೊತೆಗೇ ಇಳಿದು ತುಂಬಿಕೊಳ್ಳುತ್ತದೆ. ಬಂಧ ಸಡಿಲ. 1995ರಲ್ಲಿ ಡೆನ್ಮಾರ್ಕಿನ ಬ್ಯೋರ್ಕ್ ಹಾಮರ್ ಮತ್ತು ಯೆನ್ಸ್ ನೋರ್ಸ್ಕೋವ್ ಚಿನ್ನ ಯಾಕಿಷ್ಟು ಜಡ ಅಂತ ವಿವರಿಸಿದ್ದೂ ಇದೇ ದಾರಿಯಲ್ಲಿ. ಚಿನ್ನದ ಡಿ-ಬ್ಯಾಂಡ್ ತುಂಬಿ ತುಂಬಾ ಕೆಳಗಿದೆ, ಕೆಡಿಸುವ ಮಟ್ಟವೂ ತುಂಬಿಬಿಡುತ್ತದೆ.

ಗುಳ್ಳೆ, ತಾಮ್ರ, ಬ್ಯಾಟರಿ

ಕಾಗದದ ಮೇಲೆ ಚೆನ್ನಾಗಿದೆ, ಕಣ್ಣಿಗೆ ಕಾಣಿಸುವುದು ಹೇಗೆ? ನನಗೆ ಬಹಳ ಇಷ್ಟವಾದ ಪ್ರಯೋಗ 1998ರದು, ಜರ್ಮನಿಯ ಮ್ಯೂನಿಕ್ ಕಡೆಯದು. ರುಥೇನಿಯಂನ ನುಣುಪಾದ ಮೇಲ್ಮೈಯೊಳಕ್ಕೆ ಆರ್ಗಾನ್ ಅಯಾನ್‌ಗಳನ್ನು ಹೊಡೆದು ಆಮೇಲೆ ಬಿಸಿ ಮಾಡಿದರು. ಆರ್ಗಾನ್ ಯಾರ ಜೊತೆಗೂ ಸೇರದ ಅನಿಲ. ಅದು ಒಳಗೇ ಒಟ್ಟುಗೂಡಿ ಪುಟ್ಟ ಗುಳ್ಳೆಗಳಾಗಿ ಮೇಲಿನ ಲೋಹದ ಪದರವನ್ನು ಉಬ್ಬಿಸಿತು. ಉಬ್ಬಿನ ನೆತ್ತಿಯಲ್ಲಿ ಪರಮಾಣುಗಳು ಎಳೆದ ಸ್ಥಿತಿ, ಬುಡದ ಸುತ್ತ ಹಿಂಡಿದ ಸ್ಥಿತಿ. ಲೋಹ ಒಂದೇ, ಮೇಲ್ಮೈ ಒಂದೇ, ಬದಲಾದದ್ದು ಸ್ಟ್ರೇನ್ ಮಾತ್ರ. ಮೇಲೆ ಸ್ವಲ್ಪ ಆಮ್ಲಜನಕ ಬಿಟ್ಟು ಸೂಜಿಯ ಮೈಕ್ರೋಸ್ಕೋಪ್‌ನಿಂದ ನೋಡಿದರೆ ಆಮ್ಲಜನಕದ ಪರಮಾಣುಗಳು ನೆತ್ತಿಯ ಮೇಲೆ ಗುಂಪುಗೂಡಿವೆ, ಬುಡದ ಸುತ್ತಲ ಜಾಗ ಬಿಟ್ಟಿವೆ. ಎಳೆದ ಕಡೆ ಬಂಧ ಗಟ್ಟಿ ಅನ್ನೋದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಇದರಿಂದ ದುಡ್ಡಿನ ಲಾಭವೂ ಇದೆ. ಹೈಡ್ರೋಜನ್ ಕಾರಿನ ಫ್ಯುಯೆಲ್ ಸೆಲ್‌ನಲ್ಲಿ ಆಮ್ಲಜನಕವನ್ನು ನೀರಾಗಿಸುವ ಕೆಲಸಕ್ಕೆ ಪ್ಲಾಟಿನಂ ಬೇಕು. ಪ್ಲಾಟಿನಂ ದುಬಾರಿ, ಜೊತೆಗೆ ಅದು ಆಮ್ಲಜನಕವನ್ನು ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ ಹಿಡಿಯುತ್ತದೆ, ಬೇಗ ಬಿಡುವುದಿಲ್ಲ. ಸುಮಾರು 0.2 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಸಡಿಲಿಸಿದರೆ ಕೆಲಸ ಸಲೀಸು. ಅಂದರೆ ಹಿಂಡಬೇಕು. ಹಿಂಡುವುದಕ್ಕೆ ಒಂದು ಉಪಾಯ: ತಾಮ್ರದ ಜೊತೆ ಪ್ಲಾಟಿನಂ ಬೆರೆಸಿ ಪುಟ್ಟ ಕಣ ಮಾಡಿ, ಆಮೇಲೆ ಹೊರಗಿನ ತಾಮ್ರವನ್ನು ಕರಗಿಸಿಬಿಡುವುದು. ತಾಮ್ರದ ಪರಮಾಣುಗಳ ದೂರ 0.256 ನ್ಯಾನೋಮೀಟರ್, ಪ್ಲಾಟಿನಂನದು 0.277. ಒಳಗೆ ಉಳಿದ ಬೆರಕೆ ಲೋಹದ ಇಕ್ಕಟ್ಟಿನ ಅಳತೆಗೆ ಹೊರಗಿನ ಪ್ಲಾಟಿನಂ ಪದರ ಹೊಂದಿಕೊಳ್ಳಲೇಬೇಕು. 2010ರಲ್ಲಿ ಪೀಟರ್ ಸ್ಟ್ರಾಸರ್ ಮತ್ತು ಸಂಗಡಿಗರು ಇಂಥ ಕಣಗಳಲ್ಲಿ ಹಿಂಡಿಕೆ ಹೆಚ್ಚಾದಂತೆ ಕೆಲಸವೂ ಚುರುಕಾಗುವುದನ್ನು ತೋರಿಸಿದರು. ಇದೇ ಜಾತಿಯ, ಆದರೆ ಕೋಬಾಲ್ಟ್ ಬೆರೆಸಿದ ಪ್ಲಾಟಿನಂ 2014ರ ಟೊಯೋಟಾ ಮಿರೈ ಕಾರಿನಲ್ಲಿ ಓಡಾಡಿತು.

ಬೆರಕೆ ಲೋಹದಲ್ಲಿ ಒಂದು ಅನುಮಾನ ಉಳಿಯುತ್ತದೆ. ಕೆಲಸ ಮಾಡಿದ್ದು ಹಿಂಡಿಕೆಯೋ, ಕೆಳಗಿರುವ ತಾಮ್ರದ ಎಲೆಕ್ಟ್ರಾನ್‌ಗಳೋ? 2016ರಲ್ಲಿ ಸ್ಟ್ಯಾನ್‌ಫರ್ಡ್‌ನ ಯಿ ಕುಯಿ ತಂಡ ಇದಕ್ಕೊಂದು ಜಾಣ ದಾರಿ ಹುಡುಕಿತು. ಮೊಬೈಲ್ ಬ್ಯಾಟರಿಯಲ್ಲಿ ಬಳಸುವ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಮೇಲೆ ಸುಮಾರು 5 ನ್ಯಾನೋಮೀಟರಿನ ಪ್ಲಾಟಿನಂ ಕಣಗಳನ್ನು ಕೂರಿಸಿದರು. ಈ ಆಕ್ಸೈಡಿಗೆ ಲಿಥಿಯಂ ತುಂಬಿದಾಗ, ತೆಗೆದಾಗ ಅದರ ಪದರಗಳ ದೂರ ಬದಲಾಗುತ್ತದೆ. ಮೇಲೆ ಕೂತ ಪ್ಲಾಟಿನಂ ಅದರ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಬ್ಯಾಟರಿಯ ಚಾರ್ಜ್ ಬದಲಾಯಿಸಿ ಲೋಹದ ಸ್ಟ್ರೇನನ್ನು ಶೇ. 5ರವರೆಗೆ ಬದಲಾಯಿಸಬಹುದು! ಹಿಂಡಿದಾಗ ಕೆಲಸ ಶೇ. 90 ಹೆಚ್ಚಿತು. ಎಳೆದಾಗ ಶೇ. 40 ಇಳಿಯಿತು.

ಹಾಗಾದರೆ ಚಿಕ್ಕ ಕಣ ತನ್ನನ್ನು ತಾನೇ ಹಿಂಡಿಕೊಳ್ಳುತ್ತದಲ್ಲ, ಪ್ಲಾಟಿನಂ ಕಣವನ್ನು ಚಿಕ್ಕದು ಮಾಡುತ್ತಾ ಹೋದರೆ ಸಾಕಲ್ವಾ? ಇಲ್ಲ, ಆಗುವುದು ಉಲ್ಟಾ. ಮೂಲೆಯ ಪರಮಾಣುವಿಗೆ ನೆರೆಯವರೇ ಕಡಿಮೆ. ನೆರೆಯವರು ಕಡಿಮೆಯಾದರೆ ಬೆರಕೆ ಕಡಿಮೆ, ಬ್ಯಾಂಡ್ ಕಿರಿದು, ನಡು ಮೇಲೆ. ಒಂದು ಕಡೆ ಹಿಂಡಿಕೆ ಕೆಳಕ್ಕೆ ತಳ್ಳುತ್ತದೆ, ಇನ್ನೊಂದು ಕಡೆ ಒಂಟಿತನ ಮೇಲಕ್ಕೆ ಎತ್ತುತ್ತದೆ. ಪ್ಲಾಟಿನಂನಲ್ಲಿ ಗೆಲ್ಲುವುದು ಎರಡನೆಯದು. ಮೂರು ನಾಲ್ಕು ನ್ಯಾನೋಮೀಟರ್‌ಗಿಂತ ಕೆಳಗೆ ಹೋದರೆ ಆಮ್ಲಜನಕವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು ಮೇಲ್ಮೈಯ ಒಂದೊಂದು ಪರಮಾಣುವಿನ ಕೆಲಸ ಮಂದವಾಗುತ್ತದೆ. ಚಿನ್ನಕ್ಕೆ ಇದೇ ವರ. ಗಟ್ಟಿ ಚಿನ್ನ ಯಾವುದನ್ನೂ ಹಿಡಿಯುವುದಿಲ್ಲ, ಮೂಲೆಯ ಚಿನ್ನ ಹಿಡಿಯುತ್ತದೆ. ಜಪಾನಿನ ಮಸಟಾಕೆ ಹರೂಟ 1987ರಲ್ಲಿ, 5 ನ್ಯಾನೋಮೀಟರ್‌ಗಿಂತ ಚಿಕ್ಕ ಚಿನ್ನದ ಕಣಗಳು ಶೂನ್ಯಕ್ಕಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಕಾರ್ಬನ್ ಮೊನಾಕ್ಸೈಡನ್ನು ಸುಡಬಲ್ಲವು ಅಂತ ತೋರಿಸಿದರು. ಯಶಸ್ಸು ಮೂಲೆಯ ಪರಮಾಣುಗಳದ್ದೋ, ಕಣವನ್ನು ಕೂರಿಸಿದ ಆಕ್ಸೈಡಿನದ್ದೋ, ಮಟ್ಟಗಳ ನಡುವೆ ಹುಟ್ಟುವ ಅಂತರದ್ದೋ ಅನ್ನೋ ವಾದ ದಶಕಗಟ್ಟಲೆ ನಡೆದಿದೆ. ನನ್ನ ಓಟು ಮೊದಲ ಎರಡಕ್ಕೆ.

ಸ್ಟ್ರೇನ್ ಹಾಗೇ ನಿಂತಿರಬೇಕು ಅಂತಲೂ ಇಲ್ಲ. 20 ನ್ಯಾನೋಮೀಟರಿನ ಚಿನ್ನದ ಕಣಕ್ಕೆ ಲೇಸರ್ ಮಿಂಚು ತಾಗಿದರೆ ಅದು ತಟ್ಟನೆ ಬಿಸಿಯಾಗಿ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಒಂದು ಸುತ್ತಿಗೆ ಆರೇಳು ಪಿಕೋಸೆಕೆಂಡ್, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದರ ಆರೇಳು ಪಾಲು. ಹಿಗ್ಗಿದಾಗ ಎಲೆಕ್ಟ್ರಾನ್‌ಗಳು ಅಷ್ಟಕ್ಕಷ್ಟೇ ಇದ್ದರೂ ಜಾಗ ದೊಡ್ಡದು, ಅವುಗಳ ದಟ್ಟಣೆ ಕಡಿಮೆ, ಪ್ಲಾಸ್ಮಾನ್ ಬಣ್ಣ ಕೆಂಪಿನ ಕಡೆಗೆ ಒಂಚೂರು ಸರಿಯುತ್ತದೆ. ಬಣ್ಣದ ಈ ಓಲಾಟವನ್ನು ಅಳೆದೇ ಕಣ ಎಷ್ಟು ಬೇಗ ಹಿಗ್ಗಿ ಕುಗ್ಗುತ್ತಿದೆ ಅಂತ ಹೇಳುತ್ತಾರೆ.

ಗಾತ್ರ ಮತ್ತು ಎಳೆತ ಎರಡೂ ಕೊನೆಯ ಮಿತಿಗೆ ಮುಟ್ಟುವುದು ಲೋಹದ ತಂತಿಯನ್ನು ತುಂಡಾಗುವವರೆಗೆ ಎಳೆದಾಗ. ಚಿನ್ನದ ಎರಡು ತುದಿಗಳನ್ನು ತಾಗಿಸಿ ನಿಧಾನವಾಗಿ ದೂರ ಮಾಡಿದರೆ ನಡುವಿನ ಕತ್ತು ಸಪೂರವಾಗುತ್ತಾ ಕೊನೆಗೆ ಒಂದೇ ಪರಮಾಣುವಿನ ಸರಪಳಿ ಆಗುತ್ತದೆ. 1998ರಲ್ಲಿ ಜಪಾನ್ ಮತ್ತು ನೆದರ್‌ಲ್ಯಾಂಡ್ಸ್‌ನ ತಂಡಗಳು ಇದನ್ನು ಬೇರೆ ಬೇರೆಯಾಗಿ ತೋರಿಸಿದವು. ಆ ಸರಪಳಿಯ ರೆಸಿಸ್ಟೆನ್ಸ್ ಸುಮಾರು 12,900 ಓಮ್. ಇನ್ನೂ ಎಳೆದರೂ ಅದು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ತುಂಡಾಗುವವರೆಗೆ. ಚಿನ್ನದ ಪರಮಾಣು ಕರೆಂಟಿಗೆ ಕೊಡುವುದು ಒಂದೇ ದಾರಿ, ಅದರ ಎಸ್ ಎಲೆಕ್ಟ್ರಾನಿನದು. ಅದು ಆಗಲೇ ಪೂರ್ತಿ ತೆರೆದಿದೆ. ಅಲ್ಯೂಮಿನಿಯಂ ಹಾಗಲ್ಲ. ಅದರಲ್ಲಿ ಅರೆತೆರೆದ ಮೂರು ದಾರಿಗಳಿವೆ. ಎಳೆದಂತೆ ಮಟ್ಟಗಳು ಫರ್ಮಿ ಮಟ್ಟದ ಹತ್ತಿರಕ್ಕೆ ಸರಿದು ಒಂದು ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಹಾಗಾಗಿ ಅಲ್ಯೂಮಿನಿಯಂ ಕತ್ತನ್ನು ಎಳೆದಷ್ಟೂ, ತುಂಡಾಗುವ ಕ್ಷಣದವರೆಗೂ, ಅದರಲ್ಲಿ ಕರೆಂಟ್ ಜಾಸ್ತಿಯಾಗುತ್ತಾ ಹೋಗುತ್ತದೆ.